ಪ್ರವಾಸಿ ವಾಹನಗಳ ಬಾಗಿಲಿಗೆ ಹಿಡಿಕೆ ಕಡ್ಡಾಯವಾಗಲಿ

ಮಾನ್ಯ ಸಂಪಾದಕರೇ,

ಮೈಸೂರಿನಿಂದ ಮೇಲುಕೋಟೆ, ತಲಕಾಡಿನ ಕಡೆಗೆ ಬಾಡಿಗೆಗೆ ಹೋಗುವ ಟೆಂಪೊ ಟ್ರಾವೆಲರ್‌ಗಳಲ್ಲಾಗಲಿ, ಮಲಗುವ ವ್ಯವಸ್ಥೆಯಿರುವ ಕ್ಯಾರವಾನ್‌ಗಳಲ್ಲಾಗಲಿ, ಸೀಟು ಮತ್ತು ಎ.ಸಿ.ಗೆ ಕೊಡುವ ಗಮನವನ್ನು ಮಾಲೀಕರು ಬಾಗಿಲಿಗೆ ಕೊಡುತ್ತಿಲ್ಲ. ಚಾಮುಂಡಿ ಬೆಟ್ಟದಲ್ಲಿ ಈಚೆಗೆ ವೃದ್ಧೆಯೊಬ್ಬರು ಒಂದು ಕೈಯಲ್ಲಿ ಹಣ್ಣುಕಾಯಿಯ ಚೀಲ ಹಿಡಿದು, ಇನ್ನೊಂದು ಕೈಗೆ ಆಸರೆ ಸಿಗದೆ, ತೆರೆದ ಬಾಗಿಲಿನ ಮೇಲೆಯೇ ಭಾರ ಹಾಕಿ ಇಳಿಯುತ್ತಿದ್ದರು. ಬಾಗಿಲು ಅಲುಗಿದೊಡನೆ ಅವರ ಕಾಲು ಜಾರಿತು. ಚಾಲಕರು ಹಿಡಿದುಕೊಂಡಿದ್ದರಿಂದ ಉಳಿದರು.

ಹತ್ತಿ ಇಳಿಯುವಾಗ ಆಸರೆಗೆ ಹಿಡಿದುಕೊಳ್ಳುವ ಹಿಡಿಕೆ ಬಾಗಿಲಿನ ಎರಡೂ ಬದಿಗೆ ಇರಬೇಕು. ಒಂದೇ ಬದಿಗಿದ್ದರೆ ಹತ್ತುವಾಗ ಬಲಗೈಗೆ ಸಿಕ್ಕಿದ್ದು ಇಳಿಯುವಾಗ ಎಡಗೈಗೆ ಬರುತ್ತದೆ, ಒಂದು ಪಾರ್ಶ್ವ ದುರ್ಬಲವಾಗಿರುವವರಿಗೆ ಅದು ನಿರುಪಯುಕ್ತ. ನೆಲದ ಮೇಲೆ ನಿಂತೇ ಕೈಗೆಟಕುವಷ್ಟು ಕೆಳಗಿನಿಂದ ಅದು ಆರಂಭವಾಗಬೇಕು. ಅದನ್ನು ಬಿಡುವ ಮೊದಲೇ ಹಿಡಿಯುವಂತೆ ಒಳಗೊಂದು ಹಿಡಿಕೆ ಇರಬೇಕು. ಮುಖ್ಯವಾಗಿ, ಬೋಲ್ಟ್‌ಗಳು ಬಾಡಿಯ ಚೌಕಟ್ಟಿಗೇ ಕೂರಬೇಕು. ಬರಿಯ ತಗಡಿಗೆ ಸ್ಕ್ರೂ ಹೊಡೆದ ಹಿಡಿಕೆ ಭಾರ ಬಿದ್ದಾಗ ಕಿತ್ತುಬರುವುದರಿಂದ, ಅದು ಇಲ್ಲದಿರುವುದಕ್ಕಿಂತ ಅಪಾಯಕಾರಿ. ನುಣುಪಾದ ಸ್ಟೀಲು ಮಳೆಯಲ್ಲಿ ಜಾರುತ್ತದೆ, ರಬ್ಬರ್ ಹೊದಿಕೆ ಅಗತ್ಯ. ಹಳದಿ ಬಣ್ಣವಿದ್ದರೆ ಮಂದದೃಷ್ಟಿಯವರಿಗೂ ಕಾಣುತ್ತದೆ.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಸಾರಿಗೆಯಲ್ಲಿ ಸುಗಮ ಪ್ರವೇಶದ ಬಗ್ಗೆ ಸ್ಪಷ್ಟವಾಗಿ ಹೇಳುತ್ತದೆ. ಆದ್ದರಿಂದ ಸಾರಿಗೆ ಇಲಾಖೆಯು ಪ್ರವಾಸಿ ವಾಹನಗಳಿಗೆ ಅರ್ಹತಾ ಪತ್ರ ನೀಡುವಾಗ ಬಾಗಿಲಿನ ಹಿಡಿಕೆಗಳನ್ನು ಎಳೆದು ಪರೀಕ್ಷಿಸಬೇಕೆಂದೂ, ದಸರಾ ಪ್ರವಾಸಿಗರು ಬರುವ ಮೊದಲೇ ಈ ಕೆಲಸ ಶುರುವಾಗಬೇಕೆಂದೂ ಕೋರುತ್ತೇನೆ.

– ಓದುಗ, ಸರಸ್ವತಿಪುರಂ, ಮೈಸೂರು