ಟ್ಯಾಗ್ ಇರುವ ಮೀನು ಸಿಕ್ಕರೆ ಯಾರಿಗೆ ತಿಳಿಸಬೇಕು?

ಮಾನ್ಯ ಸಂಪಾದಕರೇ,

ವಾರಾಂತ್ಯ ಬಂತೆಂದರೆ ಬೆಂಗಳೂರಿನಿಂದ ಮಲ್ಪೆ, ಗಂಗೊಳ್ಳಿ, ಮುರುಡೇಶ್ವರ, ಕಾರವಾರಗಳತ್ತ ಗಾಳ ಹಿಡಿದು ಹೊರಡುವ ಹವ್ಯಾಸಿಗಳಲ್ಲಿ ನಾನೂ ಒಬ್ಬ. ಹಿಡಿದ ಮೀನನ್ನು ಮರಳಿ ಕಡಲಿಗೆ ಬಿಡುವವರು ನಮ್ಮಲ್ಲಿ ಅನೇಕರಿದ್ದಾರೆ. ಈಗ ಕೆಲವು ಗೆಳೆಯರು ಒಂದು ಹೆಜ್ಜೆ ಮುಂದೆ ಹೋಗಿ, ಆನ್‌ಲೈನ್‌ನಲ್ಲಿ ಟ್ಯಾಗ್, ಅಂದರೆ ಸಂಖ್ಯೆಯಿರುವ ಗುರುತುಪಟ್ಟಿ, ತರಿಸಿ ಅಂಜಲ್, ಕೊಕ್ಕರ್ ಮೀನುಗಳಿಗೆ ಹಾಕೋಣ ಎನ್ನುತ್ತಿದ್ದಾರೆ. ಅವರ ಕಳಕಳಿ ನಿಜವಾದದ್ದು. ಆದರೆ ಸಂಖ್ಯೆಯನ್ನು ದಾಖಲಿಸುವ ಕಚೇರಿ, ಮೀನು ಮತ್ತೆ ಸಿಕ್ಕಾಗ ಸುದ್ದಿ ಮುಟ್ಟಿಸುವ ವಿಳಾಸ ಇವೆರಡೂ ಇಲ್ಲದೆ ಚುಚ್ಚಿದ ಟ್ಯಾಗ್ ಮೀನಿಗೆ ಮಾಡಿದ ಗಾಯವಷ್ಟೇ.

ಟ್ಯಾಗ್ ಹಾಕುವ ಕೆಲಸ ನೋಡುವುದಕ್ಕೆ ಸರಳ. ಬೆರಳುದ್ದದ ಹಳದಿ ಅಥವಾ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಎಳೆಯ ಮೇಲೆ ಸಂಖ್ಯೆ, ಸಂಪರ್ಕ ವಿಳಾಸ ಅಚ್ಚಾಗಿರುತ್ತವೆ. ಅದರ ತುದಿಯ ಮುಳ್ಳನ್ನು ಟೊಳ್ಳು ಸೂಜಿಯಿಂದ ಬೆನ್ನಿನ ರೆಕ್ಕೆಯ ಬುಡಕ್ಕೆ ತೂರಿಸಿದರೆ, ರೆಕ್ಕೆಗೆ ಆಧಾರವಾದ ಸಣ್ಣ ಎಲುಬುಗಳ ನಡುವೆ ಸಿಕ್ಕಿಕೊಂಡು ನಿಲ್ಲುತ್ತದೆ. ಬರೀ ಮಾಂಸದಲ್ಲಿ ಉಳಿದರೆ ಬೇಗ ಕಳಚಿಹೋಗುತ್ತದೆ. ಜಾತಿ, ಮೂತಿಯಿಂದ ಬಾಲದ ಕವಲಿನವರೆಗಿನ ಉದ್ದ, ದಿನಾಂಕ, ಜಾಗ ಇಷ್ಟನ್ನು ಬರೆದುಕೊಂಡು ಮೀನನ್ನು ಬಿಡಬೇಕು. ಅದೇ ಮೀನು ಮುಂದೆ ಸಿಕ್ಕರೆ ಎಷ್ಟು ಬೆಳೆಯಿತು, ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದು ತಿಳಿಯುತ್ತದೆ. ಟ್ಯಾಗ್ ಹಾಕಿದವುಗಳಲ್ಲಿ ಎಷ್ಟು ಪಾಲು ಬಲೆಗೆ ಬಿದ್ದವು ಎಂಬುದರಿಂದ ಆ ಜಾತಿಯ ಮೇಲೆ ಮೀನುಗಾರಿಕೆಯ ಒತ್ತಡ ಎಷ್ಟಿದೆ ಎಂದೂ ಅಂದಾಜಿಸಬಹುದು. ಹವ್ಯಾಸಿಗಳೇ ಕೈಜೋಡಿಸಿದ ಇಂಥ ಯೋಜನೆ ಅಮೆರಿಕದಲ್ಲಿ ಶುರುವಾದದ್ದು 1954ರಲ್ಲಿ. ಬಹಾಮಾಸ್ ಬಳಿ ಟ್ಯಾಗ್ ಹಾಕಿದ ನೀಲಿರೆಕ್ಕೆಯ ಟ್ಯೂನಾಗಳು ಅಟ್ಲಾಂಟಿಕ್ ದಾಟಿ ನಾರ್ವೆಯ ಕಡಲಿನಲ್ಲಿ ಸಿಕ್ಕಿದ್ದು ಅಂಥ ಪ್ರಯತ್ನದಿಂದಲೇ ಗೊತ್ತಾಯಿತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 1973ರಲ್ಲಿ, ದಕ್ಷಿಣ ಆಫ್ರಿಕಾ 1984ರಲ್ಲಿ ಇದೇ ದಾರಿ ಹಿಡಿದವು.

ನಮ್ಮ ಗೆಳೆಯರು ಟ್ಯಾಗ್ ಹಾಕುವವನ ಬಗ್ಗೆಯೇ ಮಾತನಾಡುತ್ತಾರೆ. ಮೀನು ಎರಡನೆಯ ಬಾರಿ ಸಿಗುವುದು ಸಾಮಾನ್ಯವಾಗಿ ಗಾಳದವನಿಗಲ್ಲ, ಬಲೆಯವನಿಗೆ. ಹಿಂದೂ ಮಹಾಸಾಗರದ ಟ್ಯೂನಾ ಯೋಜನೆಯನ್ನೇ ನೋಡಿ. 2005ರಿಂದ 2007ರವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಟ್ಯೂನಾಗಳಿಗೆ ಟ್ಯಾಗ್ ಹಾಕಲಾಯಿತು. ಮರಳಿ ಬಂದ ಟ್ಯಾಗ್‌ಗಳಲ್ಲಿ ಬಹುಪಾಲನ್ನು ಗಮನಿಸಿದವರು ಸೇಶಲ್ಸ್ ಬಂದರಿನಲ್ಲಿ ಹಡಗಿನಿಂದ ಮೀನು ಇಳಿಸುವ ಕಾರ್ಮಿಕರು. ತಂದುಕೊಟ್ಟವರಿಗೆ ಬಹುಮಾನವಿತ್ತು. ಸಿಕ್ಕ ಟ್ಯಾಗ್‌ಗಳಲ್ಲಿ ಎಷ್ಟು ವರದಿಯಾಗುತ್ತಿವೆ ಎಂದು ತಿಳಿಯಲು, ಹಡಗಿನಲ್ಲಿ ಆಗಲೇ ಹಿಡಿದಿಟ್ಟ ಮೀನುಗಳಿಗೆ ಯಾರಿಗೂ ಹೇಳದೆ ಟ್ಯಾಗ್ ಸೇರಿಸಿ ಪರೀಕ್ಷಿಸುತ್ತಿದ್ದರು. ಅಷ್ಟು ಎಚ್ಚರ ವಹಿಸಿದ್ದರಿಂದಲೇ ಆ ಲೆಕ್ಕಗಳನ್ನು ನಂಬಬಹುದಾಗಿದೆ. ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ, 2021ರಲ್ಲಿ ಒಡಿಶಾದ ಗಹಿರ್‌ಮಠದಲ್ಲಿ ಟ್ಯಾಗ್ ಹಾಕಿದ ಕಡಲಾಮೆಯೊಂದು 2025ರ ಜನವರಿಯಲ್ಲಿ ಮಹಾರಾಷ್ಟ್ರದ ಗುಹಾಗರದಲ್ಲಿ ಮೊಟ್ಟೆಯಿಡಲು ಬಂದಿತ್ತು. ಕಿನಾರೆಯಲ್ಲಿದ್ದವರು ಆ ಸಂಖ್ಯೆಯನ್ನು ಓದಿ ಸರಿಯಾದ ಜಾಗಕ್ಕೆ ತಿಳಿಸದಿದ್ದರೆ, ಪೂರ್ವ ಕರಾವಳಿಯ ಆಮೆ ಪಶ್ಚಿಮಕ್ಕೂ ಬರುತ್ತದೆ ಎಂಬುದಕ್ಕೆ ಆ ಸಾಕ್ಷಿ ಸಿಗುತ್ತಲೇ ಇರಲಿಲ್ಲ.

ನಮ್ಮ ಕರಾವಳಿಯಲ್ಲಿ ಟ್ರಾಲ್ ಬೋಟಿನ ಮೇಲೆ ಮೀನು ವಿಂಗಡಿಸುವುದು ಎಷ್ಟೋ ಸಲ ಕತ್ತಲಲ್ಲಿ, ಅವಸರದಲ್ಲಿ. ಅಲ್ಲಿ ಕಣ್ಣು ತಪ್ಪಿಸಿಕೊಂಡ ಟ್ಯಾಗ್ ಹರಾಜಿನಲ್ಲಿಯೂ ಕಾಣದೆ, ಮಂಜುಗಡ್ಡೆಯ ಲಾರಿ ಹತ್ತಿ ಘಟ್ಟ ದಾಟಿ ಬೆಂಗಳೂರಿಗೆ ಬರಬಹುದು. ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಅಂಜಲ್ ತುಂಡರಿಸುವವರ ಕತ್ತಿಗೆ, ಇಲ್ಲವೇ ಯಾರದೋ ಮನೆಯ ಅಡುಗೆಮನೆಯಲ್ಲಿ ಅದು ಸಿಗಬಹುದು. ಹಾಗಾಗಿ ನಮ್ಮಲ್ಲಿ ಇಂಥ ಯೋಜನೆ ಬರುವುದಾದರೆ ಅದರ ಕೆಲಸ ಬಂದರಿನಿಂದಲೂ ಮಾರುಕಟ್ಟೆಯಿಂದಲೂ ಆರಂಭವಾಗಬೇಕು. ಮೊದಲ ಟ್ಯಾಗ್ ಹಾಕುವ ಮುನ್ನವೇ ಪ್ರತಿ ಹರಾಜು ಕಟ್ಟೆಯಲ್ಲಿ ಕನ್ನಡದ ಫಲಕ, ಒಂದು ವಾಟ್ಸ್‌ಆ್ಯಪ್ ಸಂಖ್ಯೆ, ಒಂದಿಷ್ಟು ಬಹುಮಾನ ಇರಲಿ. ತುಳು, ಕೊಂಕಣಿಯಲ್ಲಿ ಮಾತನಾಡಬಲ್ಲ ಒಬ್ಬ ಸಿಬ್ಬಂದಿಯೂ ಇದ್ದರೆ ಅರ್ಧ ಕೆಲಸ ಆದಂತೆ.

ಮೀನಿನ ಹಿತವನ್ನೂ ಮರೆಯಬಾರದು. ಒಣ ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಕಿವಿರಿಗೆ ಬೆರಳು ಹಾಕಿ ನೇತಾಡಿಸಿ ಫೋಟೊ ತೆಗೆಸಿಕೊಂಡ ಮೀನು ಬದುಕುವುದು ಅನುಮಾನ. ಆಳದಿಂದ ಸರ್ರನೆ ಎಳೆದ ಮೀನಿನ ಗಾಳಿಚೀಲ ಉಬ್ಬಿರುತ್ತದೆ. ಅಂಥದ್ದಕ್ಕೆ ಟ್ಯಾಗ್ ಚುಚ್ಚುವುದೇ ತಪ್ಪು. ತರಬೇತಿಯಿಲ್ಲದ ಯಾರ ಕೈಗೂ ಸೂಜಿ ಕೊಡಬಾರದು, ನನ್ನನ್ನೂ ಸೇರಿಸಿ.

ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರಗಳು ಮಂಗಳೂರು, ಕಾರವಾರಗಳಲ್ಲಿವೆ. ಬೆಂಗಳೂರಿನಲ್ಲಿರುವ ರಾಜ್ಯ ಮೀನುಗಾರಿಕೆ ನಿರ್ದೇಶನಾಲಯವು ಇವರನ್ನೂ ಮೀನುಗಾರರ ಸಹಕಾರ ಸಂಘಗಳನ್ನೂ ಒಟ್ಟಿಗೆ ಕೂರಿಸಿ, ಒಂದೆರಡು ಜಾತಿಗಳಿಂದ ಆರಂಭಿಸಲಿ ಎಂಬುದು ನನ್ನ ವಿನಂತಿ. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಬೋಟುಗಳು ದಡದಲ್ಲಿರುತ್ತವೆ. ಮೀನುಗಾರರಿಗೆ ಇದನ್ನು ವಿವರಿಸಲು ಅದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಟ್ಯಾಗ್ ತಂದುಕೊಟ್ಟವರಿಗೆ ಆ ಮೀನಿನ ಪೂರ್ವವೃತ್ತಾಂತ ಉತ್ತರವಾಗಿ ತಲುಪಲೇಬೇಕು. ಉತ್ತರ ಬಾರದಿದ್ದರೆ ಅವರು ಎರಡನೆಯ ಟ್ಯಾಗನ್ನು ಕಸಕ್ಕೆ ಎಸೆಯುತ್ತಾರೆ, ಅದರಲ್ಲಿ ಅವರ ತಪ್ಪೂ ಇರುವುದಿಲ್ಲ.

ಅಲ್ಲಿಯವರೆಗೆ ಗೆಳೆಯರು ಟ್ಯಾಗ್ ತರಿಸುವುದನ್ನು ಬಿಟ್ಟು, ಬಿಟ್ಟ ಪ್ರತಿ ಮೀನಿನ ಜಾತಿ, ಉದ್ದ, ದಿನಾಂಕ, ಜಾಗವನ್ನು ಪುಸ್ತಕದಲ್ಲಿ ಬರೆಯುತ್ತಾ ಬರಲಿ. ಸಿಹಿನೀರಿನದಾದರೂ ಕಾವೇರಿಯ ನಿದರ್ಶನ ನಮ್ಮ ಪಕ್ಕದಲ್ಲೇ ಇದೆ. ಗಾಳಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಹವ್ಯಾಸಿಗಳು ಹಿಡಿದು ಬಿಟ್ಟ ಮಹಶೀರ್‌ಗಳ ದಾಖಲೆಯನ್ನು ವಿಜ್ಞಾನಿಗಳು ಪರಿಶೀಲಿಸಿದಾಗಲೇ, ಬೆನ್ನುಗೂನಿನ ಮಹಶೀರ್ ಕಣ್ಮರೆಯಾಗುತ್ತಾ ಹೊರಗಿನಿಂದ ತಂದು ಬಿಟ್ಟ ಜಾತಿ ಅದರ ಜಾಗ ಹಿಡಿದದ್ದು ಅಂಕಿಗಳಲ್ಲಿ ಕಂಡಿತು. ನಿರ್ದೇಶನಾಲಯ ಕೇಳಿದರೆ ನನ್ನ ಪುಸ್ತಕವನ್ನು ಒಪ್ಪಿಸಲು ನಾನು ಸಿದ್ಧನಿದ್ದೇನೆ.

ಇತಿ,
ಒಬ್ಬ ಹವ್ಯಾಸಿ ಮೀನುಗಾರ
ಬಸವನಗುಡಿ, ಬೆಂಗಳೂರು