ಕಾರು ಖಾತೆ

ನಮ್ಮ ಸಂಘದ ಪತ್ರಿಕೆಯ ಈ ಸಂಚಿಕೆಗೆ ‘ನಮ್ಮ ಮೊದಲ ಕಾರು’ ಎಂಬ ವಿಷಯವನ್ನು ಕೊಟ್ಟಾಗ ಸದಸ್ಯರಿಂದ ಇಷ್ಟು ಬರಹಗಳು ಬಂದಾವೆಂದು ನಾನು ಎಣಿಸಿರಲಿಲ್ಲ. ಎಲ್ಲವನ್ನೂ ಓದಿ ಮುಗಿಸಿದ ಮೇಲೆ ಒಂದು ಸಂಗತಿ ಮನಸ್ಸಿಗೆ ಬಂತು: ಕಾರಿನ ಬಣ್ಣ, ಮೊದಲ ಪ್ರಯಾಣ, ಚಕ್ರದಡಿ ಇಟ್ಟ ನಿಂಬೆಹಣ್ಣು ಇವೆಲ್ಲ ವಿಸ್ತಾರವಾಗಿ ಬಂದಿವೆ; ಬೆಲೆ ಮಾತ್ರ ಒಂದೇ ಅಂಕಿಯಲ್ಲಿ ಮುಗಿದಿದೆ. ಶಿರಸಿ ಸೀಮೆಯ ಅಡಿಕೆ ತೋಟದ ಮನೆಯಲ್ಲಿ ಬೆಳೆದ ನನಗೆ ಆ ಅಂಕಿಯ ಮೇಲೆ ಅಷ್ಟು ನಂಬಿಕೆಯಿಲ್ಲ.

ನಮ್ಮ ತಂದೆಯವರು 1990ರ ಮೇ ತಿಂಗಳಲ್ಲಿ ಕಾರವಾರದ ನಿವೃತ್ತ ನೌಕರರೊಬ್ಬರಿಂದ 1977ರ ಪ್ರೀಮಿಯರ್ ಪದ್ಮಿನಿಯೊಂದನ್ನು 38,000 ರೂಪಾಯಿಗೆ ಕೊಂಡರು. ಮಾರುತಿ 800 ಬಂದು ಆರು ವರ್ಷ ದಾಟಿತ್ತಾದರೂ ನಮ್ಮ ಕಡೆಯ ತೋಟಿಗರ ಮಟ್ಟಿಗೆ ಕಾರೆಂದರೆ ಇನ್ನೂ ಅಂಬಾಸಿಡರ್, ಇಲ್ಲವೇ ಎಲ್ಲರೂ ಫಿಯೆಟ್ ಎಂದೇ ಕರೆಯುತ್ತಿದ್ದ ಈ ಪದ್ಮಿನಿ. 1089 ಸಿ.ಸಿ. ಎಂಜಿನ್, ಸ್ಟಿಯರಿಂಗಿನ ಪಕ್ಕದಲ್ಲೇ ಗೇರಿನ ಕೋಲು, ಎಳೆದರೆ ಮಾತ್ರ ಬೆಳಿಗ್ಗೆ ಸ್ಟಾರ್ಟ್ ಆಗುವ ಚೋಕ್. ಹೊರಗಿನಿಂದ ನೋಡಲು ಲಕ್ಷಣವಾಗಿಯೇ ಇತ್ತು. ಹದಿಮೂರು ವರ್ಷ ಕಡಲ ಗಾಳಿ ಕುಡಿದ ಗಾಡಿಯ ತಳ ಹೇಗಿರುತ್ತದೆಂಬುದು ಘಟ್ಟದ ಮೇಲಿನ ನಮಗೆ ತಿಳಿಯಬೇಕಾದರೆ ಡ್ರೈವರನ ಕಾಲಡಿಯ ರಬ್ಬರ್ ಹಾಸನ್ನು ಎತ್ತಿ ನೋಡಬೇಕಾಗಿತ್ತು; ಯಾರೂ ಎತ್ತಿರಲಿಲ್ಲ.

ಅಂಕೋಲೆ, ಕುಮಟೆ ದಾಟಿ ದೇವಿಮನೆ ಘಟ್ಟ ಹತ್ತುವಾಗ ಕಾರು ಎರಡು ಸಲ ನಿಂತಿತು. ಮೇ ತಿಂಗಳ ಸೆಖೆಗೆ ಪೆಟ್ರೋಲು ಕಾರಿನೊಳಗಿನ ಪಂಪಿನಲ್ಲೇ ಆವಿಯಾಗಿ ಎಂಜಿನ್ನಿಗೆ ತಲುಪುತ್ತಿರಲಿಲ್ಲ. ಓಡಿಸಲು ಜೊತೆಗೆ ಬಂದಿದ್ದವರು ಬಾನೆಟ್ ತೆಗೆದು, ತಮ್ಮ ಹೆಗಲ ಪಂಚೆಯನ್ನು ನೀರಲ್ಲಿ ಅದ್ದಿ ಪಂಪಿಗೆ ಸುತ್ತಿ, ಅರ್ಧ ತಾಸು ಮರದ ನೆರಳಲ್ಲಿ ಕುಳಿತರು. ಆ ಪಂಚೆ ಕಾರಿನ ಸಾಮಾನಾಗಿ ಕೊನೆಯವರೆಗೂ ಡಿಕ್ಕಿಯಲ್ಲೇ ಉಳಿಯಿತು.

ಮನೆಗೂ ಡಾಂಬರು ರಸ್ತೆಗೂ ನಡುವೆ ಒಂದು ಹಳ್ಳ. ಮೇ ತಿಂಗಳಲ್ಲಿ ಅದು ಬರೀ ಕಲ್ಲು ಮರಳು. ಊರವರು ನಾಲ್ಕು ಜನ ನೂಕಿದ್ದರಿಂದ ಕಾರು ಸಲೀಸಾಗಿ ದಾಟಿ ಅಂಗಳಕ್ಕೆ ಬಂತು. ಆರತಿಯಾಯಿತು, ಪಾಯಸವಾಯಿತು. ಜೂನ್ ಎರಡನೆಯ ವಾರ ಮಳೆ ಹಿಡಿದು ಹಳ್ಳ ತುಂಬಿದ ಮೇಲೆ ತಿಳಿಯಿತು, ಕಾರು ಮನೆಯ ದಡದಲ್ಲಿ ಸಿಕ್ಕಿಬಿದ್ದಿದೆಯೆಂದು. ಆ ಇಡೀ ಮಳೆಗಾಲ ಕಾರಿನ ಮಾಲೀಕರಾದ ನಮ್ಮ ತಂದೆಯವರು ಕಂಬಳಿ ಕೊಪ್ಪೆ ಹಾಕಿಕೊಂಡು, ಕಾಲುಸಂಕದ ಮೇಲೆ ಹಳ್ಳ ದಾಟಿ, ಎಂದಿನಂತೆ ಬಸ್ಸಿಗೇ ಶಿರಸಿಗೆ ಹೋದರು. ಸೋಗೆ ಹೊದಿಸಿದ ಮಾಡಿನಡಿ ನಿಂತ ಕಾರಿನ ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿತು. ಮುಂದಿನ ವಯರುಗಳನ್ನು ಇಲಿ ಕಡಿಯಿತು. ಬೆಕ್ಕು ಹಿಂದೆಯೇ ಇದ್ದೂ ಇಲಿ ಮುಂದೆ ಹೇಗೆ ಕಡಿಯಿತೆಂದು ಅಮ್ಮ ಇವತ್ತಿಗೂ ಕೇಳುತ್ತಾರೆ.

ತಂದೆಯವರ ಲೆಕ್ಕದ ಪುಸ್ತಕದಲ್ಲಿ ‘ಕಾರು ಖಾತೆ’ ಎಂಬ ಪುಟವೊಂದಿದೆ. ಹೋದ ಸಲ ಊರಿಗೆ ಹೋದಾಗ ಅದನ್ನು ಕೂತು ಓದಿದೆ. ಮೊದಲ ಸಾಲಿನಲ್ಲಿ 38,000. ಅದರ ಕೆಳಗೆ, ತಳಕ್ಕೆ ತಗಡು ಬೆಸೆದು ಬಣ್ಣ ಹೊಡೆಸಿದ್ದು 5,600, ಶೆಡ್ಡಿಗೆ 4,800, ಧರೆ ಕಡಿಸಿ ದಾರಿ ಅಗಲ ಮಾಡಿಸಿದ್ದು 6,250, ಹಳ್ಳಕ್ಕೆ ಎರಡು ಸಿಮೆಂಟ್ ಪೈಪು ಇಟ್ಟು ಚಿರೆಕಲ್ಲಿನ ಮೋರಿ ಕಟ್ಟಿಸಿದ್ದು 17,400. ಇವಿಷ್ಟೇ 34,050 ರೂಪಾಯಿ. 1991ರ ಯುಗಾದಿಯ ಹೊತ್ತಿಗೆ ಹೆಚ್ಚುಕಡಿಮೆ ಕಾರಿನಷ್ಟೇ ದುಡ್ಡು ಮತ್ತೆ ಖರ್ಚಾಗಿತ್ತು; ಅದರಲ್ಲಿ ಹೆಚ್ಚಿನದು, ಕಾರಿಗಲ್ಲ, ಅದು ಓಡಾಡುವ ನೂರಿನ್ನೂರು ಮಾರು ದಾರಿಗೆ ಹೋಗಿತ್ತು. ‘ಮರ 11’ ಎಂದಷ್ಟೇ ಬರೆದ ಸಾಲೊಂದರ ಮುಂದೆ ಮೊತ್ತ ಬರೆದಿಲ್ಲ. ದಾರಿಗಾಗಿ ತೋಟದ ಅಂಚಿನಲ್ಲಿ ಕಡಿದ ಫಸಲಿನ ಅಡಿಕೆ ಮರಗಳವು. ಅಜ್ಜ ನೆಟ್ಟ ಮರಕ್ಕೆ ಬೆಲೆ ಕಟ್ಟಲು ಅವರಿಗೆ ಮನಸ್ಸು ಬಂದಿರಲಿಕ್ಕಿಲ್ಲ.

ಇಷ್ಟಕ್ಕೆಲ್ಲ ಹಣ ಬಂದದ್ದು ಅಟ್ಟದ ಮೇಲಿನ ಚಾಲಿಯಿಂದ, ಅಂದರೆ ಒಣಗಿಸಿ ಸುಲಿದಿಟ್ಟ ಅಡಿಕೆಯಿಂದ. ದರ ಏರುವ ತನಕ ಕಾಯ್ದು ಮಾರುವುದು ತೋಟಿಗರ ಜಾಣತನ. ಆದರೆ ಮೋರಿಯ ಕೆಲಸದವರ ಶನಿವಾರದ ಬಟವಾಡೆ ಕಾಯುವುದಿಲ್ಲ. ಹಾಗಾಗಿ 1923ರಿಂದಲೂ ನಮ್ಮ ಭಾಗದವರ ಅಡಿಕೆ ಮಾರಿಕೊಡುತ್ತಿರುವ ಶಿರಸಿಯ ತೋಟಿಗರ ಸಹಕಾರ ಸಂಘ ಟಿ.ಎಸ್.ಎಸ್.ನ ಅಂಗಳಕ್ಕೆ ನಮ್ಮ ಚೀಲಗಳು ಆ ವರ್ಷ ಎಲ್ಲರಿಗಿಂತ ಮೊದಲೇ ಹೋದವು. ಸಾಲದ್ದಕ್ಕೆ, ಕಾರು ಕೊಂಡ ಮೂರೇ ತಿಂಗಳಿಗೆ, ಆಗಸ್ಟ್ 2ರಂದು, ಇರಾಕ್ ಸೈನ್ಯ ಕುವೈತಿಗೆ ನುಗ್ಗಿತು, ಪೆಟ್ರೋಲ್ ತುಟ್ಟಿಯಾಯಿತು. ಸದ್ದಾಂ ಹುಸೇನರಿಂದ ತಮಗೆ ವೈಯಕ್ತಿಕವಾಗಿ ನಷ್ಟವಾಗಿದೆ ಎಂಬಂತೆ ತಂದೆಯವರು ರೇಡಿಯೋ ಸುದ್ದಿ ಕೇಳುತ್ತಿದ್ದರು. ಘಟ್ಟ ಇಳಿಯುವಾಗ ಎಂಜಿನ್ ಆರಿಸಿಬಿಡುವ ಅಭ್ಯಾಸ ಅವರಿಗೆ ಹತ್ತಿದ್ದು ಆಗಲೇ. ಅದು ಅಪಾಯವೆಂದು ಹೇಳುವವರು ನಮ್ಮಲ್ಲಿ ಯಾರೂ ಇರಲಿಲ್ಲ. ದೇವಿಮನೆಯ ತಿರುವುಗಳನ್ನು ನೆನೆದರೆ ಈಗ ನನ್ನ ಎದೆ ನಡುಗುತ್ತದೆ.

ಊರು ಬಿಟ್ಟು ಈ ಪರದೇಶಕ್ಕೆ ಬಂದ ಹೊಸದರಲ್ಲಿ ನಾನೂ ಒಂದು ಹಳೆಯ ಕೊರೊಲಾ ಕೊಂಡೆ. ಹೊಸ ಚಾಲಕನೆಂದು ಮೊದಲ ವರ್ಷದ ವಿಮೆಗೆ ಕೇಳಿದ ಹಣ ಹೆಚ್ಚುಕಡಿಮೆ ಕಾರಿನ ಬೆಲೆಯಷ್ಟೇ ಇತ್ತು. ಫೋನಿನಲ್ಲಿ ತಂದೆಯವರ ಬಳಿ ಈ ಸಂಕಟ ತೋಡಿಕೊಂಡರೆ ಅವರು ಒಂದು ಗಳಿಗೆ ಸುಮ್ಮನಿದ್ದು, “ರಸ್ತೆ ಖರ್ಚು ಇಲ್ಯಲ, ಅಡ್ಡಿಲ್ಲೆ” ಎಂದರು.

ಪದ್ಮಿನಿಯನ್ನು 1999ರಲ್ಲಿ ಹುಬ್ಬಳ್ಳಿಯ ಗುಜರಿಯವರು 6,000 ರೂಪಾಯಿಗೆ ಒಯ್ದರು. ಮೋರಿ ಉಳಿದಿದೆ. ಅಡಿಕೆ ಲಾರಿ, ಗ್ಯಾಸ್ ಗಾಡಿ, ಶಾಲೆಯ ವ್ಯಾನು, ಆಚೆಯ ಮೂರು ಮನೆಗಳ ಕಾರುಗಳು ಎಲ್ಲವೂ ಅದರ ಮೇಲೆಯೇ ಓಡಾಡುತ್ತವೆ. ಕಳೆದ ಮಳೆಗಾಲದಲ್ಲಿ ಅದರ ಬಲಬದಿಯ ಎರಡು ಸಾಲು ಕಲ್ಲು ಜಾರಿತು. ಅದನ್ನು ಮತ್ತೆ ಕಟ್ಟಿಸಿದ ಖರ್ಚನ್ನು ನನ್ನ ತಮ್ಮ, ತಂದೆಯವರ ಆ ಹಳೆಯ ಪುಸ್ತಕ ಹುಡುಕಿ ತೆಗೆದು, ‘ಕಾರು ಖಾತೆ’ಯ ಅದೇ ಪುಟದ ಕೆಳಗೆ, ತನ್ನ ಅಕ್ಷರದಲ್ಲಿ ಬರೆದಿಟ್ಟಿದ್ದಾನೆ.