ಥರ್ಮಲ್ ದುರ್ಬೀನಿನ ದೋಷ ಮತ್ತು ವಾರಂಟಿ ನಿರಾಕರಣೆ ಕುರಿತು ದೂರು

ಇವರಿಂದ:
ಒಬ್ಬ ಕಾಫಿ ಬೆಳೆಗಾರ,
ಸಿದ್ದಾಪುರ ಸಮೀಪ, ಕೊಡಗು ಜಿಲ್ಲೆ

ಇವರಿಗೆ:
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಿಮ್ಮ ಸಂಸ್ಥೆಯಿಂದ ಕಳೆದ ವರ್ಷ ಕೊಂಡ, ಶಾಖವನ್ನು ಗ್ರಹಿಸಿ ಕತ್ತಲಲ್ಲೂ ಚಿತ್ರ ತೋರಿಸುವ, ಕೈಯಲ್ಲಿ ಹಿಡಿದು ನೋಡುವ ಥರ್ಮಲ್ ದುರ್ಬೀನು ದುರಸ್ತಿಯಾಗದೆ ವಾಪಸು ಬಂದಿದೆ. ಜೊತೆಗಿರುವ ಸೇವಾ ಕೇಂದ್ರದ ವರದಿಯಲ್ಲಿ ಇರುವುದು ಒಂದೇ ಸಾಲು. ಇದನ್ನು ಬಂದೂಕಿಗೆ ಜೋಡಿಸಿ ಗುಂಡು ಹಾರಿಸಲಾಗಿದೆ, ಆ ಒದೆತದಿಂದ ಒಳಭಾಗ ಕೆಟ್ಟಿದೆ, ಆದ್ದರಿಂದ ವಾರಂಟಿ ಅನ್ವಯಿಸುವುದಿಲ್ಲವಂತೆ.

ಇದನ್ನು ಬರೆದವರು ದುರ್ಬೀನನ್ನು ಒಮ್ಮೆ ತಲೆಕೆಳಗು ಮಾಡಿ ನೋಡಿದ್ದರೂ ಸಾಕಿತ್ತು. ಅದರಲ್ಲಿ ಬಂದೂಕಿಗೆ ಕೂರಿಸುವ ಹಳಿ ಇಲ್ಲ, ಗುರಿ ಹಿಡಿಯುವ ಅಡ್ಡಗೆರೆ ಇಲ್ಲ. ಅಡಿಯಲ್ಲಿ ಟ್ರೈಪಾಡಿನ ತಿರುಪಿಗೆ ಒಂದು ತೂತಿದೆ, ಅಷ್ಟೆ. ಹಾಗಾದರೆ ಈ ತೀರ್ಮಾನ ಬಂದದ್ದೆಲ್ಲಿಂದ? ದೂರವಾಣಿಯಲ್ಲಿ ಕೇಳಿದಾಗ ನಿಮ್ಮ ಸಿಬ್ಬಂದಿ ಮುಚ್ಚುಮರೆ ಇಲ್ಲದೆ ಹೇಳಿದರು: "ವಿಳಾಸ ಕೊಡಗಿನದು ಅಲ್ಲವೇ ಸರ್, ಅಲ್ಲಿ ಎಲ್ಲರ ಮನೆಯಲ್ಲೂ ಕೋವಿ ಇರುತ್ತದೆ."

ಇರುತ್ತದೆ, ನಿಜ. ಕೊಡವರಿಗೆ ಮತ್ತು ಇಲ್ಲಿನ ಪಾರಂಪರಿಕ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದೆ. ನಮ್ಮ ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಅದಕ್ಕೆ ತೋಕ್ ಪೂ, ಅಂದರೆ ಕೋವಿ ಹೂವು, ಇಟ್ಟು ಪೂಜೆ ಮಾಡುತ್ತೇವೆ. ಅದರಿಂದ ನನ್ನ ಪಿನ್ ಕೋಡ್ ತಾಂತ್ರಿಕ ಪುರಾವೆ ಆಗಿಬಿಡುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಲ್ಲಿ ಬೇಟೆ ಅಪರಾಧ ಎಂಬುದು ಈ ಜಿಲ್ಲೆಯ ಶಾಲಾ ಮಕ್ಕಳಿಗೂ ಗೊತ್ತು. ಆದರೆ ನಿಮ್ಮ ಬಣ್ಣದ ಕೈಪುಸ್ತಕದ ಮುಖಪುಟದಲ್ಲಿ ಇರುವುದೇನು? ಅಡ್ಡಗೆರೆಯ ನಡುವೆ ಬೆಳ್ಳಗೆ ಹೊಳೆಯುವ ಒಂದು ಕಾಡುಹಂದಿ, ಕೆಳಗೆ "ರಾತ್ರಿ ಬೇಟೆಯಲ್ಲಿ ಎಂದೂ ಕೈಕೊಡದ ವಿಶ್ವಾಸಾರ್ಹತೆ" ಎಂಬ ಬರಹ. ವಿದೇಶಿ ಬೇಟೆಗಾರರಿಗಾಗಿ ಬರೆದ ಜಾಹೀರಾತನ್ನು ಇಲ್ಲಿ ಹಾಗೆಯೇ ಹಂಚಿ ಮಾಲು ಮಾರಿದವರು, ಅದು ಕೆಟ್ಟಾಗ ಕೊಂಡವನನ್ನೇ ಬೇಟೆಗಾರ ಎನ್ನುವುದು ಯಾವ ನ್ಯಾಯ?

ನಾನು ಇದನ್ನು ಕೊಂಡದ್ದು ಆನೆಗಾಗಿ. ಸಿದ್ದಾಪುರ, ಮಾಲ್ದಾರೆ, ಪಾಲಿಬೆಟ್ಟ ಕಡೆಯ ಯಾವ ಬೆಳೆಗಾರರನ್ನು ಕೇಳಿದರೂ ಕಾರಣ ಹೇಳುತ್ತಾರೆ. ಇಲ್ಲಿನ ಆನೆಗಳಲ್ಲಿ ಕೆಲವು ಹಗಲಿಡೀ ತೋಟದೊಳಗೇ ನಿಂತಿರುತ್ತವೆ. ಕಂದಕವನ್ನೂ ಸೋಲಾರ್ ಬೇಲಿಯನ್ನೂ ದಾಟುವುದನ್ನು ಅವು ಎಂದೋ ಕಲಿತಿವೆ. ಕಾರ್ಮಿಕರನ್ನು ಕೆಲಸಕ್ಕೆ ಬಿಡುವ ಮೊದಲು ದಾರಿ ಖಾಲಿ ಇದೆಯೇ ಎಂದು ನೋಡಬೇಕು. ಟಾರ್ಚ್ ಬೆಳಕು ಕಾಫಿ ಗಿಡದ ಮೊದಲ ಸಾಲಿನಲ್ಲೇ ನಿಂತುಬಿಡುತ್ತದೆ, ಅದರಾಚೆ ನಿಂತ ಸಲಗ ಕತ್ತಲೆಯದೇ ಒಂದು ಭಾಗ. ಅದಕ್ಕಾಗಿ ಲಕ್ಷಕ್ಕೂ ಮೀರಿದ ಹಣ ಕೊಟ್ಟೆ.

ಈಗ ದೋಷದ ವಿಷಯ. ಇಂಥ ಸಾಧನದ ಸೆನ್ಸರ್ ಆಗಾಗ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಒಳಗಿನ ಸಣ್ಣ ಶಟರ್ 'ಟಕ್' ಎಂದು ಮುಚ್ಚುತ್ತದೆ, ಚಿತ್ರ ಕ್ಷಣಕಾಲ ನಿಲ್ಲುತ್ತದೆ, ಮತ್ತೆ ಚಲಿಸುತ್ತದೆ. ಅದು ಸಹಜ. ನನ್ನ ದುರ್ಬೀನಿನಲ್ಲಿ ಮಳೆಗಾಲ ಶುರುವಾದಂದಿನಿಂದ ಹೀಗೆ ನಿಂತ ಚಿತ್ರ ಕೆಲವೊಮ್ಮೆ ನಿಂತೇ ಇರುತ್ತದೆ. ಪರದೆ ಕಪ್ಪಾಗುವುದಿಲ್ಲ, ಎಚ್ಚರಿಕೆಯ ಗುರುತು ಮೂಡುವುದಿಲ್ಲ, ಮೂಲೆಯಲ್ಲಿ ಬ್ಯಾಟರಿ ತುಂಬಿದೆ ಎಂದೇ ತೋರಿಸುತ್ತಿರುತ್ತದೆ.

ಹಲಸು ಹಣ್ಣಾಗುವ ಕಾಲ. ನಸುಕಿನಲ್ಲಿ ಕಣದ ಅಂಚಿನಿಂದ ಕಾರ್ಮಿಕರ ಲೈನ್ ಮನೆಯ ದಾರಿಯನ್ನು ನೋಡುತ್ತಿದ್ದೆ. ಗೇಟಿನ ಕಲ್ಲುಕಂಬ, ಪಕ್ಕದ ಸಿಲ್ವರ್ ಓಕ್, ಖಾಲಿ ದಾರಿ, ಎಲ್ಲವೂ ಸ್ಪಷ್ಟ. ಹಾಲಿನ ಕ್ಯಾನು ಹಿಡಿದ ಹುಡುಗನಿಗೆ ಹೊರಡು ಎಂದೆ. ಅಷ್ಟರಲ್ಲಿ ನಾಯಿ ಗುರುಗುಟ್ಟಿತು. ದುರ್ಬೀನನ್ನು ಎಡಕ್ಕೆ ತಿರುಗಿಸಿದೆ. ಕಣ್ಣೆದುರು ಅದೇ ಕಲ್ಲುಕಂಬ, ಅದೇ ಸಿಲ್ವರ್ ಓಕ್. ಬಲಕ್ಕೆ ತಿರುಗಿಸಿದರೂ ಅದೇ. ಹಲಸಿನ ಕೊಂಬೆ ಲಟಕ್ಕೆಂದು ಮುರಿದ ಸದ್ದಿಗೆ ಹುಡುಗ ಕ್ಯಾನು ಎಸೆದು ಓಡಿ ಬಂದ. ದಾರಿಯಿಂದ ಹತ್ತು ಮಾರು ದೂರದಲ್ಲೂ ಇರಲಿಲ್ಲ ಆ ಆನೆ. ಪರದೆ ಪೂರ್ತಿ ಆರಿಹೋಗಿದ್ದರೆ ನಾನು ಆ ಹುಡುಗನನ್ನು ಕಳುಹಿಸುತ್ತಲೇ ಇರಲಿಲ್ಲ. ಕೆಟ್ಟಿದ್ದೇನೆ ಎಂದು ಹೇಳದೆ ಕೆಡುವ ಯಂತ್ರ ಇಲ್ಲದಿರುವುದಕ್ಕಿಂತ ಅಪಾಯಕಾರಿ. ಈ ದೋಷದ ವಿಡಿಯೊವನ್ನು ಆಮೇಲೆ ಮೊಬೈಲ್‌ನಲ್ಲಿ ತೆಗೆದು ನಿಮಗೆ ಕಳುಹಿಸಿದ್ದೇನೆ. ವರದಿಯಲ್ಲಿ ಅದರ ಪ್ರಸ್ತಾಪವೇ ಇಲ್ಲ.

ಐಪೀಸಿನ ಒಳಮೈಯಲ್ಲಿ ತೇವದ ಹನಿಗಳೂ ಕಾಣುತ್ತಿವೆ. ಪೆಟ್ಟಿಗೆಯ ಮೇಲೆ ಐಪಿ67 ಎಂದು ಅಚ್ಚಾಗಿದೆ. ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿಸಿದರೂ ಹಾನಿ ಮಾಡುವಷ್ಟು ನೀರು ಒಳಗೆ ಹೋಗಬಾರದು ಎಂಬುದು ಅದರ ಅರ್ಥ. ನಾನು ಮುಳುಗಿಸಿಲ್ಲ, ಕೊಡೆಯಡಿ ಹಿಡಿದು ನೋಡಿದ್ದೇನೆ.

ದಟ್ಟ ಮಂಜಿನಲ್ಲಿ ಚಿತ್ರ ಮಸುಕಾಗುತ್ತದೆ ಎಂದು ನಾನು ದೂರುತ್ತಿಲ್ಲ. ಮಂಜಿನ ಹನಿಗಳು ಶಾಖದ ಕಿರಣಗಳನ್ನು ಹೀರಿ ಚದುರಿಸುತ್ತವೆ. ಮಳೆ ಹಿಡಿದರೆ ಮರ, ಮಣ್ಣು, ಎಲೆ ಎಲ್ಲದರ ಉಷ್ಣತೆ ಒಂದೇ ಆಗಿ ಚಿತ್ರ ಸಪ್ಪೆಯಾಗುತ್ತದೆ. ಅದು ಪ್ರಕೃತಿ ನಿಯಮ, ಯಾವ ಕಂಪನಿಯೂ ತಿದ್ದಲಾರದು. ಆದರೆ "ಮಂಜು, ಮಳೆ ಯಾವುದೂ ಅಡ್ಡಿಯಲ್ಲ" ಎಂದು ಬರೆದವರು ನೀವು. "1800 ಮೀಟರ್ ಪತ್ತೆ ದೂರ" ಎಂಬುದೂ ಇದೇ ಜಾತಿಯದು. ನಿಮ್ಮದೇ ಕೈಪಿಡಿಯಲ್ಲಿರುವ 12 ಮೈಕ್ರಾನ್ ಪಿಕ್ಸೆಲ್, 35 ಮಿಲಿಮೀಟರ್ ಲೆನ್ಸ್ ಹಿಡಿದು ಲೆಕ್ಕ ಹಾಕಿದರೆ ಅಷ್ಟು ದೂರದಲ್ಲಿ ಒಂದು ಪಿಕ್ಸೆಲ್‌ಗೆ ಸುಮಾರು 60 ಸೆಂಟಿಮೀಟರ್ ಬರುತ್ತದೆ. ಅಂದರೆ ಆರಡಿ ಮನುಷ್ಯ ಮೂರು ಚುಕ್ಕೆ. ಏನೋ ಇದೆ ಎನ್ನಬಹುದು, ಮನುಷ್ಯನೋ ದನವೋ ಎನ್ನಲಾಗದು. ಇದನ್ನು ನಂಬಿ ಕೋವಿ ಎತ್ತುವ ದೇಶಗಳ ಜನರನ್ನು ದೇವರೇ ಕಾಪಾಡಬೇಕು. ನಮ್ಮ ತೋಟಗಳಲ್ಲಂತೂ ನೂರು ಮೀಟರ್ ನೇರ ನೋಟ ಸಿಕ್ಕರೆ ಹೆಚ್ಚು.

ನನ್ನ ಬೇಡಿಕೆ ಇಷ್ಟು. ಒದೆತದ ಆರೋಪವನ್ನು ಲಿಖಿತವಾಗಿ ಹಿಂತೆಗೆದುಕೊಳ್ಳಿ, ಇಲ್ಲವೇ ಅದಕ್ಕೆ ಆಧಾರವಾದ ತಪಾಸಣೆಯ ಫೋಟೊ ಸಹಿತ ವಿವರ ಕೊಡಿ. ಪೂರ್ಣ ಹಣ ಮರಳಿಸಿ. ಬದಲಿ ಸಾಧನ ಬೇಡ, ಇದೇ ಮಾದರಿಯ ಇನ್ನೊಂದನ್ನು ನಂಬಿ ನಾನು ಯಾರನ್ನೂ ತೋಟಕ್ಕೆ ಕಳುಹಿಸಲಾರೆ. ಇದೇ ಮಾದರಿಯನ್ನು ಕೊಂಡ ಉಳಿದ ಗ್ರಾಹಕರಿಗೆ ಚಿತ್ರ ನಿಂತುಹೋಗುವ ದೋಷದ ಬಗ್ಗೆ ತಿಳಿಸಿ. ಅವರಲ್ಲಿ ನನ್ನಂತೆ ಆನೆ ಕಾಯುವವರು ಎಷ್ಟು ಮಂದಿ ಇದ್ದಾರೋ.

ಈ ಪತ್ರ ತಲುಪಿದ 15 ದಿನಗಳೊಳಗೆ ಉತ್ತರ ಬಾರದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಆ ಕಾಯ್ದೆ ಅವಕಾಶ ನೀಡಿದೆ, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ದಾರಿ ತಪ್ಪಿಸುವ ಜಾಹೀರಾತಿನ ಅಂಶವನ್ನೂ ಅದರಲ್ಲಿ ಸೇರಿಸುತ್ತೇನೆ. ದುರ್ಬೀನು ನನ್ನ ಬಳಿಯೇ ಇದೆ. ನಿಮ್ಮ ತಂತ್ರಜ್ಞರು ಬಂದು ನೋಡುವುದಾದರೆ ನೋಡಲಿ. ಸಂಜೆ ಐದರೊಳಗೆ ಬರಲು ಹೇಳಿ, ಆಮೇಲೆ ನಮ್ಮ ರಸ್ತೆಯಲ್ಲಿ ಆನೆ ಇರುತ್ತದೆ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಬಿಲ್ ಮತ್ತು ವಾರಂಟಿ ಕಾರ್ಡಿನ ಪ್ರತಿ, ಸೇವಾ ಕೇಂದ್ರದ ವರದಿ, ಕೈಪುಸ್ತಕದ ಮುಖಪುಟ, ದುರ್ಬೀನಿನ ಅಡಿಭಾಗದ ಫೋಟೊ